ಫ್ಯಾಂಟಮ್ ಆಫ್ ಚೈನಾಟೌನ್ ಮತ್ತು ಕೀ ಲ್ಯೂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಚಿತ್ರ?

ಅಮೆರಿಕದ ಮೊನೊಗ್ರಾಮ್ ಪಿಕ್ಚರ್ಸ್ ಸಂಸ್ಥೆ 1940ರಲ್ಲಿ ತಯಾರಿಸಿದ, ಒಂದು ಗಂಟೆಗಿಂತ ತುಸುವೇ ಹೆಚ್ಚು ಹೊತ್ತಿನ ಕಪ್ಪು ಬಿಳುಪು ಪತ್ತೇದಾರಿ ಚಿತ್ರವಿದು. ಫಿಲ್ ರೋಸನ್ ಇದರ ನಿರ್ದೇಶಕರು, ಪಾಲ್ ಮಾಲ್ವರ್ನ್ ನಿರ್ಮಾಪಕರು. ಜೇಮ್ಸ್ ಲೀ ವಾಂಗ್ ಎಂಬ ಪತ್ತೇದಾರನ ಸರಣಿಯಲ್ಲಿ ಇದು ಆರನೆಯದು ಮತ್ತು ಕೊನೆಯದು. ಹಿಂದಿನ ಐದು ಚಿತ್ರಗಳಲ್ಲಿ ಆ ಪಾತ್ರವನ್ನು ಬೋರಿಸ್ ಕಾರ್ಲಾಫ್ ಮಾಡಿದ್ದರು. ಇದರಲ್ಲಿ ಮಾತ್ರ ಚೀನೀ ಮೂಲದ ಅಮೆರಿಕನ್ ನಟ ಕೀ ಲ್ಯೂಕ್ ನಾಯಕರು. ಚಿತ್ರದ ಬಗ್ಗೆ ಇಂದಿಗೂ ಪ್ರಶ್ನೆಗಳು ಬರುತ್ತಿರುವುದು ಬಹುಮಟ್ಟಿಗೆ ಈ ಒಂದು ಬದಲಾವಣೆಯಿಂದ. ಅದು ನ್ಯಾಯವೂ ಹೌದು.

ಅಂತ್ಯವನ್ನು ಹೇಳದೆ ಕಥೆಯನ್ನು ತಿಳಿಸಬಹುದೇ?

ಮಂಗೋಲಿಯಾದ ಮರುಭೂಮಿಯಲ್ಲಿ ಚೀನೀ ಚಕ್ರವರ್ತಿಯೊಬ್ಬನ ಸಮಾಧಿಯನ್ನು ಕಂಡುಹಿಡಿದು ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಿರುವ ಪುರಾತತ್ತ್ವಜ್ಞ ಡಾಕ್ಟರ್ ಬೆಂಟನ್, ತಮ್ಮ ಅನ್ವೇಷಣೆಯ ಕುರಿತು ಉಪನ್ಯಾಸ ಕೊಡುತ್ತಿರುತ್ತಾರೆ. ಸಭಾಂಗಣದಲ್ಲಿ ದೀಪ ಆರಿದೆ, ಪರದೆಯ ಮೇಲೆ ಪ್ರಯಾಣದ ಚಲನಚಿತ್ರ ಓಡುತ್ತಿದೆ, ಉಪನ್ಯಾಸಕರು ಅದನ್ನು ವಿವರಿಸುತ್ತಿದ್ದಾರೆ. ನಡುವೆ ಗಂಟಲು ಒಣಗಿದಾಗ ಮೇಜಿನ ಮೇಲಿದ್ದ ನೀರನ್ನು ಬಗ್ಗಿಸಿಕೊಂಡು ಕುಡಿಯುತ್ತಾರೆ. ಕೆಲವೇ ಕ್ಷಣಗಳಲ್ಲಿ ಎಲ್ಲರ ಕಣ್ಣೆದುರೇ ಕುಸಿದು ಸಾಯುತ್ತಾರೆ. ಸಮಾಧಿಯಲ್ಲಿ ಸಿಕ್ಕಿದ್ದ ಒಂದು ಪ್ರಾಚೀನ ಸುರುಳಿ ಕಾಣೆಯಾಗುತ್ತದೆ. ತನಿಖೆಗೆ ಬಂದ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಸ್ಟ್ರೀಟ್ ಒಂದು ದಾರಿ ಹಿಡಿಯುತ್ತಾನೆ, ಜಿಮ್ಮಿ ಎಂದು ಕರೆಸಿಕೊಳ್ಳುವ ತರುಣ ಜೇಮ್ಸ್ ವಾಂಗ್ ತನ್ನದೇ ದಾರಿ ಹಿಡಿಯುತ್ತಾನೆ.

ಸುರುಳಿಯ ಬೆಲೆ ಅದರ ಪ್ರಾಚೀನತೆಯಲ್ಲಷ್ಟೇ ಇಲ್ಲ ಎಂದು ಹೇಳಿದರೆ ರಹಸ್ಯ ಕೆಡುವುದಿಲ್ಲ. 1937ರಿಂದ ಜಪಾನಿನೊಂದಿಗೆ ಯುದ್ಧದಲ್ಲಿದ್ದ ಚೀನಾಕ್ಕೆ ಅಂದು ಚಿನ್ನಕ್ಕಿಂತ ಹೆಚ್ಚಾಗಿ ಬೇಕಿದ್ದ ವಸ್ತುವೊಂದರ ಸುಳಿವು ಅದರಲ್ಲಿದೆ. ಕೊಲೆಗಾರ ಯಾರೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಂಬತ್ತು ವರ್ಷ ದಾಟಿದ ಚಿತ್ರವಾದರೂ ಅದನ್ನು ಮೊದಲ ಸಲ ನೋಡುವವರ ಹಕ್ಕು ಹಳೆಯದಾಗುವುದಿಲ್ಲ.

ಹೆಸರಿನಲ್ಲಿರುವ ಭೂತ ಎಲ್ಲಿದೆ?

ಚಿತ್ರದಲ್ಲಿ ಭೂತವಿಲ್ಲ. ಚೈನಾಟೌನ್ ಕೂಡ ಬಹಳ ಇಲ್ಲ. ಅಂದಿನ ಸಣ್ಣ ಸಂಸ್ಥೆಗಳು ಭಿತ್ತಿಪತ್ರದ ಮೇಲೆ ಜನರನ್ನು ಸೆಳೆಯುವ ಹೆಸರುಗಳನ್ನು ಇಡುತ್ತಿದ್ದವು, ಕಥೆಗೆ ಅದು ಒಪ್ಪುತ್ತದೆಯೇ ಎಂಬುದು ಆಮೇಲಿನ ಮಾತಾಗಿತ್ತು.

ಹಿಂದಿನ ಐದು ಚಿತ್ರಗಳನ್ನು ನೋಡಿರಲೇಬೇಕೇ?

ಬೇಕಿಲ್ಲ. ಸರಣಿಯ ಕೊನೆಗೆ ಬಂದರೂ ಇದು ಕಥೆಯನ್ನು ಮೊದಲಿನಿಂದ ಆರಂಭಿಸುತ್ತದೆ. ಹಿಂದಿನ ಚಿತ್ರಗಳಲ್ಲಿ ವಾಂಗ್ ಮತ್ತು ಸ್ಟ್ರೀಟ್ ಹಳೆಯ ಸ್ನೇಹಿತರು, ಇಲ್ಲಿ ಅವರಿಬ್ಬರೂ ಮೊದಲ ಬಾರಿಗೆ ಭೇಟಿಯಾಗುತ್ತಾರೆ. ಸ್ಟ್ರೀಟ್ ಪಾತ್ರವನ್ನು ಆರೂ ಚಿತ್ರಗಳಲ್ಲಿ ಗ್ರಾಂಟ್ ವಿದರ್ಸ್ ಅವರೇ ಮಾಡಿರುವುದರಿಂದ, ಅದೇ ಮುಖದ ಅಧಿಕಾರಿ ಹೊಸ ವಾಂಗ್‌ನನ್ನು ಅಪರಿಚಿತನಂತೆ ನೋಡುವುದು ಸರಣಿಯನ್ನು ಕ್ರಮವಾಗಿ ನೋಡಿದವರಿಗೆ ಸ್ವಲ್ಪ ವಿಚಿತ್ರವೆನಿಸಬಹುದು. ಇದನ್ನು ಪೂರ್ವಕಥೆ ಎಂದುಕೊಂಡು ನೋಡಿದರೆ ಆ ತೊಡಕು ನೀಗುತ್ತದೆ.

ಕ್ರಮ ತಿಳಿಯಬಯಸುವವರಿಗಾಗಿ: 1938ರಲ್ಲಿ ಮಿಸ್ಟರ್ ವಾಂಗ್, ಡಿಟೆಕ್ಟಿವ್, 1939ರಲ್ಲಿ ದಿ ಮಿಸ್ಟರಿ ಆಫ್ ಮಿಸ್ಟರ್ ವಾಂಗ್ ಮತ್ತು ಮಿಸ್ಟರ್ ವಾಂಗ್ ಇನ್ ಚೈನಾಟೌನ್, 1940ರಲ್ಲಿ ದಿ ಫೇಟಲ್ ಅವರ್, ಡೂಮ್ಡ್ ಟು ಡೈ, ಕೊನೆಗೆ ಈ ಚಿತ್ರ. ಮೊದಲ ಐದನ್ನೂ ವಿಲಿಯಂ ನೈ ನಿರ್ದೇಶಿಸಿದ್ದರು. ಮೂಲ ಪಾತ್ರವನ್ನು ಸೃಷ್ಟಿಸಿದವರು ಕಥೆಗಾರ ಹ್ಯೂ ವೈಲಿ. ಕಾಲಿಯರ್ಸ್ ಪತ್ರಿಕೆಯಲ್ಲಿ 1930ರ ದಶಕದಲ್ಲಿ ಬಂದ ಅವರ ಕಥೆಗಳಲ್ಲಿ ವಾಂಗ್, ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದ ಸರ್ಕಾರಿ ತನಿಖಾಧಿಕಾರಿ.

ಕಾರ್ಲಾಫ್ ಅವರ ಜಾಗಕ್ಕೆ ಕೀ ಲ್ಯೂಕ್ ಬಂದದ್ದು ಹೇಗೆ?

ಕಾರ್ಲಾಫ್ ಐದು ವಾಂಗ್ ಚಿತ್ರಗಳ ನಂತರ ಆ ಪಾತ್ರವನ್ನು ಬಿಟ್ಟರು. 1940ರಲ್ಲಿ ಅವರು ಅದೇ ಸಂಸ್ಥೆಗೆ ದಿ ಏಪ್ ಎಂಬ ಭಯಾನಕ ಚಿತ್ರವನ್ನು ಮಾಡಿಕೊಟ್ಟರು. ಸರಣಿಗೆ ಹೊಸ ನಾಯಕ ಬೇಕಾದಾಗ, ಪ್ರೇಕ್ಷಕರು ಆಗಲೇ ಬಲ್ಲ, ಪತ್ತೇದಾರಿ ಚಿತ್ರಗಳ ನಡೆ ಗೊತ್ತಿರುವ ನಟ ಲ್ಯೂಕ್. ಈ ಆಯ್ಕೆ ಇಂದು ತೀರಾ ಸಹಜವೆನಿಸುತ್ತದೆ. ಆದರೆ ಮಾತಿನ ಚಿತ್ರಗಳ ಏಷ್ಯನ್ ಪತ್ತೇದಾರರ ಸರಣಿಗಳಲ್ಲಿ ಅಂದಿನ ಯಾವ ದೊಡ್ಡ ಸ್ಟುಡಿಯೊ ಕೂಡ ಇಂಥ ಆಯ್ಕೆ ಮಾಡಿರಲಿಲ್ಲ ಎಂಬುದನ್ನು ನೆನೆದಾಗಲೇ ಅದರ ತೂಕ ತಿಳಿಯುವುದು.

ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯೂ ಇದೆ. ಇಬ್ಬರು ವಾಂಗ್‌ಗಳೂ ಅದಕ್ಕೆ ನಾಲ್ಕು ವರ್ಷ ಮೊದಲೇ ಒಂದೇ ಚಿತ್ರದಲ್ಲಿದ್ದರು. 1936ರ ಚಾರ್ಲಿ ಚಾನ್ ಅಟ್ ದಿ ಒಪೆರಾ ಚಿತ್ರದಲ್ಲಿ ಕಾರ್ಲಾಫ್ ಶಂಕೆಗೆ ಗುರಿಯಾದ ಗಾಯಕ, ಲ್ಯೂಕ್ ಚೀನೀ ಪತ್ತೇದಾರ ಚಾರ್ಲಿ ಚಾನ್‌ನ ಮಗ.

ಕೀ ಲ್ಯೂಕ್ ಯಾರು?

ಅವರು 1904ರ ಜೂನ್ 18ರಂದು ಚೀನಾದ ಗ್ವಾಂಗ್‌ಝೌ ನಗರದಲ್ಲಿ ಹುಟ್ಟಿ, ಅಮೆರಿಕದ ಸಿಯಾಟಲ್‌ನಲ್ಲಿ ಬೆಳೆದವರು. ಸಿನಿಮಾ ಲೋಕಕ್ಕೆ ಅವರು ಬಂದದ್ದು ನಟರಾಗಿ ಅಲ್ಲ, ಚಿತ್ರಕಾರರಾಗಿ. ಚಿತ್ರಗಳ ಪ್ರಚಾರಕ್ಕೆ ರೇಖಾಚಿತ್ರಗಳನ್ನು ಬರೆಯುವುದು ಅವರ ವೃತ್ತಿಯಾಗಿತ್ತು. ಕಿಂಗ್ ಕಾಂಗ್ ಚಿತ್ರದ ಪ್ರಚಾರಕ್ಕೂ ಅವರ ಕೈಚಳಕ ಬಳಕೆಯಾಯಿತು. 1934ರಲ್ಲಿ ದಿ ಪೇಂಟೆಡ್ ವೇಲ್ ಚಿತ್ರದ ಸಣ್ಣ ಪಾತ್ರದೊಂದಿಗೆ ಅಭಿನಯ ಆರಂಭವಾಯಿತು. ಮರುವರ್ಷ ಚಾರ್ಲಿ ಚಾನ್ ಇನ್ ಪ್ಯಾರಿಸ್ ಚಿತ್ರದಲ್ಲಿ ಚಾನ್‌ನ ಹಿರಿಯ ಮಗ ಲೀ ಚಾನ್ ಆಗಿ ಕಾಣಿಸಿಕೊಂಡರು.

ಆ ಪಾತ್ರ ಅವರಿಗೆ ಹೆಸರು ತಂದಿತು. ತಂದೆಯ ಪಾತ್ರದಲ್ಲಿದ್ದವರು ಸ್ವೀಡನ್ ಮೂಲದ ವಾರ್ನರ್ ಓಲ್ಯಾಂಡ್. ತಂದೆ ನಿಧಾನವಾಗಿ, ಗಾದೆಗಳನ್ನು ಪೋಣಿಸುತ್ತ ಮಾತನಾಡುತ್ತಾನೆ. ಮಗ ಅಮೆರಿಕದ ಕಾಲೇಜು ಹುಡುಗನ ಇಂಗ್ಲಿಷ್‌ನಲ್ಲಿ ಪಟಪಟನೆ ಮಾತನಾಡುತ್ತ, ಎಲ್ಲದಕ್ಕೂ ಮುನ್ನುಗ್ಗಿ, ಅರ್ಧದಷ್ಟು ಸಲ ಎಡವುತ್ತಾನೆ. ಇಬ್ಬರ ನಡುವಿನ ವಾತ್ಸಲ್ಯವೇ ಆ ಚಿತ್ರಗಳ ಜೀವಾಳವಾಗಿತ್ತು. 1938ರಲ್ಲಿ ಓಲ್ಯಾಂಡ್ ತೀರಿಕೊಂಡ ಮೇಲೆ ಲ್ಯೂಕ್ ಆ ಸರಣಿಯಿಂದ ಹೊರಬಂದರು. ಈ ನಡುವೆ 1937ರ ದಿ ಗುಡ್ ಅರ್ತ್ ಚಿತ್ರದಲ್ಲೂ ಅವರು ನಾಯಕನ ಹಿರಿಯ ಮಗನಾಗಿದ್ದರು. ಚೀನೀ ರೈತ ಕುಟುಂಬದ ಆ ಕಥೆಯಲ್ಲಿ ತಂದೆಯಾಗಿ ಪಾಲ್ ಮುನಿ, ತಾಯಿಯಾಗಿ ಲೂಯಿಸ್ ರೈನರ್ ನಟಿಸಿದ್ದರು. ರೈನರ್ ಅವರಿಗೆ ಅದಕ್ಕಾಗಿ ಆಸ್ಕರ್ ಬಂತು. 1940ರಲ್ಲೇ ದಿ ಗ್ರೀನ್ ಹಾರ್ನೆಟ್ ಧಾರಾವಾಹಿ ಚಿತ್ರದಲ್ಲಿ ನಾಯಕನ ಸಹಾಯಕ ಕೇಟೊ ಆದರು.

ಮಗ, ಮತ್ತೊಮ್ಮೆ ಮಗ, ಆಮೇಲೆ ಸಹಾಯಕ. ಈ ಪಟ್ಟಿಯ ನಂತರ ಜಿಮ್ಮಿ ವಾಂಗ್ ಬರುತ್ತಾನೆ.

ಇದೇ ಮೊದಲ ಚಿತ್ರ ಎಂದು ಹೇಳುತ್ತಾರೆ. ಯಾವುದರಲ್ಲಿ ಮೊದಲು? ಆ ಮಾತು ಎಷ್ಟು ಸರಿ?

ಈ ಮಾತನ್ನು ಎಚ್ಚರಿಕೆಯಿಂದ ಹೇಳಬೇಕು, ಏಕೆಂದರೆ ಅತಿಯಾಗಿ ಹೇಳಿದರೆ ಬೇರೆ ನಟರ ಕೆಲಸವನ್ನು ಅಳಿಸಿದಂತಾಗುತ್ತದೆ.

ಮೂಕಿ ಚಿತ್ರಗಳ ಕಾಲದಲ್ಲಿ ಜಪಾನ್ ಮೂಲದ ಸೆಸ್ಸೂ ಹಯಕಾವಾ ಹಾಲಿವುಡ್‌ನ ದೊಡ್ಡ ತಾರೆಯಾಗಿದ್ದರು. ಚಾರ್ಲಿ ಚಾನ್ ಪಾತ್ರವನ್ನೇ ತೆಗೆದುಕೊಂಡರೂ, 1926ರ ದಿ ಹೌಸ್ ವಿತೌಟ್ ಎ ಕೀ ಧಾರಾವಾಹಿಯಲ್ಲಿ ಜಾರ್ಜ್ ಕುವಾ, 1927ರ ದಿ ಚೈನೀಸ್ ಪ್ಯಾರಟ್ ಚಿತ್ರದಲ್ಲಿ ಸೋಜಿನ್ ಅದನ್ನು ಮಾಡಿದ್ದರು. ಇಬ್ಬರೂ ಜಪಾನ್ ಮೂಲದವರು. ಮಾತಿನ ಚಿತ್ರಗಳು ಬಂದ ಮೇಲೆ, 1937ರ ಡಾಟರ್ ಆಫ್ ಶಾಂಘೈ ಚಿತ್ರದಲ್ಲಿ ಅನ್ನಾ ಮೇ ವಾಂಗ್ ನಾಯಕಿಯಾಗಿ ಅಪರಾಧವನ್ನು ಬೆನ್ನಟ್ಟಿದರು, ಕೊರಿಯಾ ಮೂಲದ ಫಿಲಿಪ್ ಆನ್ ಅವರೊಂದಿಗೆ ಸರ್ಕಾರಿ ತನಿಖಾಧಿಕಾರಿಯಾದರು.

ಇಷ್ಟನ್ನೂ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಒಂದು ಮಾತು ಉಳಿಯುತ್ತದೆ. ಅಮೆರಿಕದ ಮಾತಿನ ಚಿತ್ರಗಳಲ್ಲಿ 1930ರ ದಶಕದಲ್ಲಿ ಆರಂಭವಾದ ಏಷ್ಯನ್ ಪತ್ತೇದಾರರ ಮೂರು ಪ್ರಸಿದ್ಧ ಸರಣಿಗಳಲ್ಲಿ ಚಾನ್ ಆಗಿ ಓಲ್ಯಾಂಡ್ ಮತ್ತು ಅನಂತರ ಸಿಡ್ನಿ ಟೋಲರ್, ಜಪಾನೀ ಪತ್ತೇದಾರ ಮಿಸ್ಟರ್ ಮೋಟೊ ಆಗಿ ಪೀಟರ್ ಲೋರೆ, ವಾಂಗ್ ಆಗಿ ಕಾರ್ಲಾಫ್ ನಟಿಸಿದರು. ಆ ಮೂರರಲ್ಲಿ ನಾಯಕನ ಪಾತ್ರವನ್ನು ಪಾತ್ರದ ಸಮುದಾಯದಿಂದಲೇ ಬಂದ ನಟನಿಗೆ ಕೊಟ್ಟದ್ದು ಇದೊಂದೇ ಚಿತ್ರ. ಅಷ್ಟು ಸಾಕು.

ಏಷ್ಯನ್ ಮೂಲದ ನಟರಿಗೆ ಅಂಥ ಪಾತ್ರಗಳು ಏಕೆ ಸಿಗುತ್ತಿರಲಿಲ್ಲ?

ಚೀನೀ ಕಾರ್ಮಿಕರು ಅಮೆರಿಕಕ್ಕೆ ವಲಸೆ ಬರುವುದನ್ನು ನಿಷೇಧಿಸಿ, ಚೀನೀಯರಿಗೆ ಅಲ್ಲಿನ ಪೌರತ್ವವನ್ನು ನಿರಾಕರಿಸಿದ 1882ರ ಕಾನೂನು 1943ರವರೆಗೆ ಜಾರಿಯಲ್ಲಿತ್ತು. ಎಂದರೆ ಈ ಚಿತ್ರ ತೆರೆಗೆ ಬಂದಾಗಲೂ ಅದು ಜಾರಿಯಲ್ಲಿತ್ತು. ಸ್ಟುಡಿಯೊಗಳು ತಾವೇ ಹಾಕಿಕೊಂಡಿದ್ದ ನಿರ್ಮಾಣ ಸಂಹಿತೆಯು ಬೇರೆ ಬೇರೆ ಜನಾಂಗದವರ ನಡುವಿನ ಪ್ರೇಮವನ್ನು ತೋರಿಸಲು ಬಿಡುತ್ತಿರಲಿಲ್ಲ. ಆದ್ದರಿಂದ ಬಿಳಿಯ ನಾಯಕಿಯೊಬ್ಬಳು ಇದ್ದರೆ ಏಷ್ಯನ್ ನಟ ನಾಯಕನಾಗುವ ದಾರಿಯೇ ಮುಚ್ಚಿಹೋಗುತ್ತಿತ್ತು. ತಾರೆಯ ಹೆಸರಿಲ್ಲದೆ ಚಿತ್ರ ಓಡದು ಎಂಬ ಲೆಕ್ಕಾಚಾರ ಮೂರನೆಯದು. ಅವಕಾಶ ಕೊಡದಿದ್ದರೆ ತಾರೆ ಹುಟ್ಟುವುದಿಲ್ಲ, ತಾರೆಯಲ್ಲದವರಿಗೆ ಅವಕಾಶ ಕೊಡುವುದಿಲ್ಲ. ಈ ಸುತ್ತಿನಿಂದ ಹೊರಬರುವುದು ಒಬ್ಬ ನಟನ ಪ್ರತಿಭೆಯೊಂದರಿಂದ ಆಗುವ ಕೆಲಸವಾಗಿರಲಿಲ್ಲ.

ಲ್ಯೂಕ್ ಅವರ ಅಭಿನಯದಲ್ಲಿ ನೋಡಬೇಕಾದದ್ದು ಏನು?

ಅವರು ಏನನ್ನು ಮಾಡುವುದಿಲ್ಲ ಎಂಬುದನ್ನು ಮೊದಲು ನೋಡಬೇಕು. ಮುಖಕ್ಕೆ ವೇಷದ ಬಣ್ಣವಿಲ್ಲ, ಕಣ್ಣಿನ ರೆಪ್ಪೆಗಳನ್ನು ಎಳೆದು ಅಂಟಿಸಿಲ್ಲ. ಗಾದೆಗಳನ್ನು ಉದುರಿಸುವುದಿಲ್ಲ. ಬಾಗಿ ಬಾಗಿ ನಮಿಸುವುದಿಲ್ಲ. ವಾಕ್ಯದ ಕರ್ತೃಪದವನ್ನು ನುಂಗಿ ತೊದಲುವ, ಹಾಲಿವುಡ್ ತಾನೇ ಕಟ್ಟಿದ ಆ ಚೀನೀ ಇಂಗ್ಲಿಷ್ ಇಲ್ಲ. ಒಳ್ಳೆಯ ಸೂಟು ತೊಟ್ಟ, ಓದಿದ, ಲವಲವಿಕೆಯ ಅಮೆರಿಕನ್ ತರುಣನೊಬ್ಬ ತನ್ನ ಊರಿನ ಸಭಾಂಗಣಕ್ಕೂ ಪೊಲೀಸ್ ಕಚೇರಿಗೂ ಸಲೀಸಾಗಿ ಹೋಗಿ ಬರುತ್ತಾನೆ, ಅಷ್ಟೇ. ಆ ಅಷ್ಟೇ ಎಂಬುದನ್ನು ತೆರೆಯ ಮೇಲೆ ಕಾಣಲು ಪ್ರೇಕ್ಷಕರು ಅದುವರೆಗೆ ಕಾಯಬೇಕಾಗಿ ಬಂದಿತ್ತು.

ಇನ್ನು ಅವರು ಮಾಡುವುದರ ಬಗ್ಗೆ. ಲೀ ಚಾನ್ ಆಗಿದ್ದಾಗ ಅವರ ಮೈಯೆಲ್ಲ ಚಲನೆ. ಕೈ ಬೀಸುತ್ತಿದ್ದರು, ಓಡಿಬರುತ್ತಿದ್ದರು, ವಾಕ್ಯ ಮುಗಿಯುವ ಮೊದಲೇ ಬಾಗಿಲು ತೆರೆಯುತ್ತಿದ್ದರು. ಜಿಮ್ಮಿ ವಾಂಗ್‌ನಲ್ಲಿ ಅದೇ ಚುರುಕು ಒಳಕ್ಕೆ ಸರಿದಿದೆ. ಎದುರಿನವರು ಮಾತನಾಡುವಾಗ ಅವರು ಕೇಳಿಸಿಕೊಳ್ಳುವ ಬಗೆಯನ್ನು ಗಮನಿಸಿ. ತಲೆ ತುಸು ಓರೆಯಾಗುತ್ತದೆ, ಮುಖದಲ್ಲಿ ಸೌಜನ್ಯ ಹಾಗೇ ಇರುತ್ತದೆ, ಕಣ್ಣು ಮಾತ್ರ ಆಗಲೇ ಬೇರೆ ಯಾವುದನ್ನೋ ತೂಗುತ್ತಿರುತ್ತದೆ. ಪತ್ತೇದಾರ ಯೋಚಿಸುತ್ತಿದ್ದಾನೆ ಎಂದು ತೋರಿಸಲು ಹುಬ್ಬು ಗಂಟಿಕ್ಕಿ ಗಲ್ಲ ಉಜ್ಜುವ ನಟರೇ ಹೆಚ್ಚು. ಲ್ಯೂಕ್ ಯೋಚನೆಯನ್ನು ಆಡಿ ತೋರಿಸುವುದಿಲ್ಲ, ಸುಮ್ಮನೆ ಯೋಚಿಸುತ್ತಾರೆ. ವರ್ಷಗಟ್ಟಲೆ ರೇಖಾಚಿತ್ರ ಬರೆದವರಿಗೆ ಎಷ್ಟು ಗೆರೆ ಸಾಕೆಂಬುದು ಗೊತ್ತಿರುತ್ತದೆ. ಆ ಮಿತವ್ಯಯ ಅವರ ನಟನೆಗೂ ಇಳಿದುಬಂದಿದೆ ಎಂದು ನನಗೆ ಅನಿಸುತ್ತದೆ.

ಒಂದು ಮಾತನ್ನು ಹತ್ತಿರದಿಂದ ನೋಡೋಣ. ಚೀನೀ ಚಕ್ರವರ್ತಿಯ ಸಮಾಧಿಯನ್ನು ಅಗೆದು ತಂದದ್ದರ ಪ್ರಸ್ತಾಪ ಬಂದಾಗ ಜಿಮ್ಮಿ, ಇದಕ್ಕೆ ಬದಲಾಗಿ ಚೀನೀ ಪುರಾತತ್ತ್ವ ತಂಡವೊಂದು ಜಾರ್ಜ್ ವಾಷಿಂಗ್ಟನ್ ಅವರ ದೇಹವನ್ನು ಅಗೆಯುತ್ತಿದೆಯಂತೆ ಎಂಬರ್ಥದ ಮಾತು ಹೇಳುತ್ತಾನೆ. ಇದನ್ನು ಕಹಿಯಾಗಿ ಹೇಳಬಹುದಿತ್ತು, ಭಾಷಣದಂತೆ ಹೇಳಬಹುದಿತ್ತು, ನಗೆಯುಕ್ಕಿಸಲು ಒತ್ತಿ ಹೇಳಬಹುದಿತ್ತು. ಲ್ಯೂಕ್ ಅದನ್ನು ಹಗುರವಾಗಿ, ಹವಾಮಾನದ ಬಗ್ಗೆ ಹೇಳಿದಷ್ಟೇ ಸರಾಗವಾಗಿ ಹೇಳಿ ಮುಂದಕ್ಕೆ ಹೋಗುತ್ತಾರೆ. ಮಾತು ಕಿವಿಗೆ ಬಿದ್ದ ಒಂದು ಕ್ಷಣದ ನಂತರ ಅದರ ಮೊನೆ ತಾಗುತ್ತದೆ. ಅಷ್ಟರಲ್ಲಿ ದೃಶ್ಯ ಮುಂದೆ ಸಾಗಿರುತ್ತದೆ. ಆ ಒಂದು ವಾಕ್ಯವನ್ನು ಎತ್ತಿಟ್ಟ ಹದಕ್ಕಾಗಿಯೇ ಈ ಚಿತ್ರವನ್ನು ಎರಡು ಬಾರಿ ನೋಡಬಹುದು.

ಆ ವಾಷಿಂಗ್ಟನ್ ಮಾತು ಕೇವಲ ಚಮತ್ಕಾರವೇ, ಅದಕ್ಕೆ ಹಿನ್ನೆಲೆಯಿದೆಯೇ?

ಹಿನ್ನೆಲೆ ಗಟ್ಟಿಯಾಗಿದೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯ ಪರವಾಗಿ ರಾಯ್ ಚಾಪ್‌ಮನ್ ಆಂಡ್ರೂಸ್ ಮೋಟಾರು ವಾಹನಗಳ ಸಾಲಿನೊಂದಿಗೆ ಗೋಬಿ ಮರುಭೂಮಿಗೆ ಹೋಗಿದ್ದರು. 1923ರಲ್ಲಿ ಅಲ್ಲಿಂದ ಡೈನೊಸಾರ್ ಮೊಟ್ಟೆಗಳು ಸಿಕ್ಕ ಸುದ್ದಿ ಲೋಕಪ್ರಸಿದ್ಧವಾಯಿತು. ಡಾಕ್ಟರ್ ಬೆಂಟನ್ ಅವರ ಪಾತ್ರವನ್ನು ಕಂಡಾಗ ಅಂದಿನ ಪ್ರೇಕ್ಷಕರಿಗೆ ಇಂಥ ಸಾಹಸಯಾತ್ರೆಗಳು ನೆನಪಾಗಿರಲೇಬೇಕು. ಇತ್ತ ಚೀನಾದಲ್ಲಿ ವಿದ್ವಾಂಸರು, ವಿದೇಶೀ ತಂಡಗಳು ತಮ್ಮ ನೆಲದ ಪ್ರಾಚೀನ ವಸ್ತುಗಳನ್ನು ಹೊತ್ತೊಯ್ಯುವುದನ್ನು ವಿರೋಧಿಸತೊಡಗಿದ್ದರು. 1930ರಲ್ಲಿ ಪ್ರಾಚೀನ ವಸ್ತುಗಳ ರಕ್ಷಣೆಗೆ ಅಲ್ಲಿ ಕಾನೂನೇ ಬಂತು. ಜಿಮ್ಮಿ ಆಡುವ ಮಾತು ಆ ವಾದವನ್ನೇ ಒಂದು ವಾಕ್ಯಕ್ಕೆ ಇಳಿಸುತ್ತದೆ.

ಇತಿಹಾಸದ ದೃಷ್ಟಿಯಿಂದ ಚಿತ್ರದ ಸಮಾಧಿ ಮಾತ್ರ ಕಲ್ಪನೆ. ಚಿತ್ರ ಅದನ್ನು ಮಿಂಗ್ ಚಕ್ರವರ್ತಿಯದೆನ್ನುತ್ತದೆ. ವಾಸ್ತವದಲ್ಲಿ ಮಿಂಗ್ ವಂಶದ ಹದಿಮೂರು ಚಕ್ರವರ್ತಿಗಳ ಸಮಾಧಿಗಳು ಬೀಜಿಂಗ್ ಸಮೀಪದ ಕಣಿವೆಯಲ್ಲಿವೆ, ಮೊದಲನೆಯವನದು ನಾನ್‌ಜಿಂಗ್‌ನಲ್ಲಿದೆ.

ಕಾರ್ಲಾಫ್ ಅವರ ವಾಂಗ್ ಕೆಟ್ಟದ್ದಾಗಿತ್ತೇ?

ಹಾಗೆ ಹೇಳುವುದು ಅನ್ಯಾಯವಾಗುತ್ತದೆ. 1932ರ ದಿ ಮಾಸ್ಕ್ ಆಫ್ ಫೂ ಮಾಂಚು ಚಿತ್ರದಲ್ಲಿ ಚೀನೀಯನನ್ನು ರಾಕ್ಷಸನನ್ನಾಗಿ ಮಾಡಿದ ಅದೇ ನಟ, ವಾಂಗ್ ಆಗಿ ಸೌಮ್ಯ, ಸಭ್ಯ, ವಿದ್ವಾಂಸ. ಎಣ್ಣೆ ಹಚ್ಚಿ ಬಾಚಿದ ಕೂದಲು, ಸಣ್ಣ ಮೀಸೆ, ಕೈಯಲ್ಲಿ ಕೊಡೆ, ಮೃದುವಾದ ಬ್ರಿಟಿಷ್ ಉಚ್ಚಾರಣೆ. ಹಾಸ್ಯಕ್ಕಾಗಿ ಅವರು ಪಾತ್ರವನ್ನು ಎಂದೂ ಕೀಳು ಮಾಡಲಿಲ್ಲ. ಆದರೂ ಆ ವೇಷದ ಹಿಂದೆ ಒಬ್ಬ ಬೇರೆ ಮನುಷ್ಯ ಇದ್ದಾನೆಂಬುದು ಪ್ರತಿ ಸಮೀಪದೃಶ್ಯದಲ್ಲೂ ಕಾಣುತ್ತದೆ. ಲಂಡನ್‌ನಲ್ಲಿ ಹುಟ್ಟಿದ ಕಾರ್ಲಾಫ್ ಅವರ ವಂಶದಲ್ಲಿ ಭಾರತೀಯ ರಕ್ತವಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಏಷ್ಯಾದ ಪಾತ್ರಗಳಿಗಾಗಿ ಬಣ್ಣ ಹಚ್ಚಿಕೊಂಡ ಆ ನಟ ತಮ್ಮ ಏಷ್ಯನ್ ಮೂಲವನ್ನು ಜನರೆದುರು ಎತ್ತಿ ಆಡಲಿಲ್ಲ. ಆ ಕಾಲ ಒಬ್ಬೊಬ್ಬರ ಮೇಲೂ ಒಂದೊಂದು ಬಗೆಯಲ್ಲಿ ಭಾರ ಹೇರಿತ್ತು.

ಪತ್ತೇದಾರಿಕೆಯ ಮಟ್ಟಿಗೆ ಹೇಳುವುದಾದರೆ, ಕಾರ್ಲಾಫ್ ಅವರ ವಾಂಗ್ ಉತ್ತರ ಗೊತ್ತಿರುವ ಗುರು. ಲ್ಯೂಕ್ ಅವರ ವಾಂಗ್ ಉತ್ತರವನ್ನು ಹುಡುಕುತ್ತಿರುವವನು, ಆದ್ದರಿಂದ ಅವನ ಜೊತೆ ನಾವೂ ಹುಡುಕುತ್ತೇವೆ.

ಲೋಟಸ್ ಲಾಂಗ್ ಅವರ ಪಾತ್ರದ ಬಗ್ಗೆ?

ಡಾಕ್ಟರ್ ಬೆಂಟನ್ ಅವರ ಕಾರ್ಯದರ್ಶಿಯ ಪಾತ್ರದಲ್ಲಿರುವ ಅವರು ಹಿಂದಿನ ಎರಡು ವಾಂಗ್ ಚಿತ್ರಗಳಲ್ಲೂ ಬೇರೆ ಪಾತ್ರಗಳಲ್ಲಿ ಬಂದಿದ್ದರು. ಇಲ್ಲಿ ಅವರದು ಬುದ್ಧಿವಂತೆಯ ಪಾತ್ರ, ಆಕೆಗೆ ತನ್ನದೇ ಉದ್ದೇಶವಿದೆ. ಆಕೆ ಮತ್ತು ಜಿಮ್ಮಿ ಒಬ್ಬರನ್ನೊಬ್ಬರು ಅಳೆಯುವ ದೃಶ್ಯಗಳಲ್ಲಿ ಏಷ್ಯನ್ ಮೂಲದ ಇಬ್ಬರು ನಟರು ತೆರೆಯ ನಡುವೆ ನಿಂತು, ಕಥೆಯ ಮುಖ್ಯ ಸಂಗತಿಯನ್ನು ಸಹಜ ಇಂಗ್ಲಿಷ್‌ನಲ್ಲಿ ಚರ್ಚಿಸುತ್ತಾರೆ. ಬಿಳಿಯ ಪಾತ್ರಗಳು ಆ ಹೊತ್ತಿಗೆ ಪಕ್ಕಕ್ಕೆ ಸರಿದಿರುತ್ತವೆ. 1940ರ ಚಿತ್ರದಲ್ಲಿ ಇದು ಎಷ್ಟು ಅಪರೂಪವೆಂದರೆ, ಮೊದಲ ಬಾರಿ ನೋಡಿದಾಗ ನಾನು ಆ ಭಾಗವನ್ನು ನಿಲ್ಲಿಸಿ ಹಿಂದಕ್ಕೆ ಹೋಗಿ ಮತ್ತೆ ನೋಡಿದೆ.

ಮೊನೊಗ್ರಾಮ್ ಎಂದರೆ ಏನು? ಕಡಿಮೆ ಬಜೆಟ್ ಎಂದರೆ ಇಲ್ಲಿ ಏನರ್ಥ?

1931ರಲ್ಲಿ ಆರಂಭವಾಗಿ, 1935ರಲ್ಲಿ ರಿಪಬ್ಲಿಕ್ ಸಂಸ್ಥೆಯಲ್ಲಿ ವಿಲೀನಗೊಂಡು, 1937ರಲ್ಲಿ ಮತ್ತೆ ಸ್ವತಂತ್ರವಾಗಿ ಎದ್ದುನಿಂತ ಸಣ್ಣ ಸಂಸ್ಥೆ ಮೊನೊಗ್ರಾಮ್. ಇಂಥ ಸಂಸ್ಥೆಗಳನ್ನೆಲ್ಲ ಸೇರಿಸಿ ಹಾಲಿವುಡ್‌ನವರು ಪಾವರ್ಟಿ ರೋ, ಅಂದರೆ ಬಡವರ ಸಾಲು ಎಂದು ಕರೆಯುತ್ತಿದ್ದರು.

ಆರ್ಥಿಕ ಕುಸಿತದ ದಿನಗಳಲ್ಲಿ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸತೊಡಗಿದವು. ಮೊದಲನೆಯದು ದೊಡ್ಡ ತಾರೆಯರ ಚಿತ್ರ. ಅದರ ಗಳಿಕೆಯಲ್ಲಿ ಸ್ಟುಡಿಯೊಗೆ ಶೇಕಡಾವಾರು ಪಾಲು ಸಿಗುತ್ತಿತ್ತು. ಎರಡನೆಯ ಚಿತ್ರಕ್ಕೆ ಸಿಗುತ್ತಿದ್ದುದು ಸಾಮಾನ್ಯವಾಗಿ ನಿಗದಿತ ಬಾಡಿಗೆ ಮಾತ್ರ. ಜನ ತುಂಬಿ ತುಳುಕಿದರೂ ಆ ಬಾಡಿಗೆ ಏರುವುದಿಲ್ಲ. ಹೀಗಾಗಿ ಎರಡನೆಯ ಚಿತ್ರ ಮಾಡುವವರಿಗೆ ಬರುವ ಹಣ ಎಷ್ಟೆಂದು ಮೊದಲೇ ಗೊತ್ತು, ಲಾಭವೆಲ್ಲ ಖರ್ಚನ್ನು ಕಡಿಮೆ ಮಾಡುವುದರಲ್ಲೇ ಅಡಗಿದೆ. ಕೆಲವೇ ದಿನಗಳ ಚಿತ್ರೀಕರಣ, ಇರುವ ಸೆಟ್ಟುಗಳನ್ನೇ ತಿರುಗಿಸಿ ಬಳಸುವುದು, ಮರುಚಿತ್ರೀಕರಣವಿಲ್ಲ. ಜೊತೆಗೆ ಗಂಟೆಯ ಆಸುಪಾಸಿನ ಅವಧಿ.

ಕಟ್ಟುನಿಟ್ಟಿನ ಈ ವ್ಯವಸ್ಥೆಗೆ ಒಂದು ಒಳ್ಳೆಯ ಮುಖವೂ ಇತ್ತು. ತಾರೆಯ ಹೆಸರಿನಿಂದ ಬಾಡಿಗೆ ಹೆಚ್ಚದಿದ್ದ ಮೇಲೆ, ತಾರೆಯಲ್ಲದವರನ್ನು ನಾಯಕನನ್ನಾಗಿ ಮಾಡಿದರೆ ನಷ್ಟವೂ ದೊಡ್ಡದಲ್ಲ. ಕಾರ್ಲಾಫ್ ಅವರಂಥ ಹೆಸರು ಬಿಟ್ಟುಹೋದಾಗ ಮೊನೊಗ್ರಾಮ್ ಲ್ಯೂಕ್ ಅವರನ್ನು ಕರೆಯಲು ಸಾಧ್ಯವಾದದ್ದು ಅದು ಉದಾರ ಸಂಸ್ಥೆಯಾಗಿದ್ದರಿಂದ ಅಲ್ಲ. ಕಳೆದುಕೊಳ್ಳಲು ಅದರ ಬಳಿ ಹೆಚ್ಚೇನೂ ಇರಲಿಲ್ಲ. ದೊಡ್ಡ ಸ್ಟುಡಿಯೊಗಳು ಭದ್ರವಾಗಿ ಮುಚ್ಚಿದ್ದ ಬಾಗಿಲನ್ನು ಅಂಥ ಒಂದು ಸಂಸ್ಥೆ ಒಮ್ಮೆ ತೆರೆದದ್ದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಫ್ರೆಂಚ್ ನಿರ್ದೇಶಕ ಜ್ಯಾಂ ಲುಕ್ ಗೊಡಾರ್ 1960ರ ತಮ್ಮ ಬ್ರೆತ್‌ಲೆಸ್ ಚಿತ್ರವನ್ನು ಮೊನೊಗ್ರಾಮ್ ಪಿಕ್ಚರ್ಸ್‌ಗೆ ಅರ್ಪಿಸಿದರು. ಈ ಸಂಸ್ಥೆಯನ್ನು ಪ್ರೀತಿಯಿಂದ ಕಂಡವರು ಬೇರೆಯವರೂ ಇದ್ದರು.

ಹಣದ ಕೊರತೆ ತೆರೆಯ ಮೇಲೆ ಎಲ್ಲಿ ಕಾಣುತ್ತದೆ?

ಬಹುತೇಕ ದೃಶ್ಯಗಳು ಕೋಣೆಗಳಲ್ಲೇ ನಡೆಯುತ್ತವೆ, ಗೋಡೆಗಳು ಬರಿದಾಗಿವೆ, ಕ್ಯಾಮೆರಾ ಹೆಚ್ಚಾಗಿ ಎದುರಿಗೆ ನಿಂತು ನೋಡುತ್ತದೆ. ಕೆಲವು ಪೋಷಕ ನಟರು ಮೊದಲ ಟೇಕಿನಲ್ಲೇ ಸಾಕೆನಿಸಿಕೊಂಡಂತೆ ಕಾಣುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ಎಂಬ ನಗರದ ಉಸಿರು ಚಿತ್ರದಲ್ಲಿ ಇಲ್ಲ.

ಆದರೆ ಆರಂಭದ ಉಪನ್ಯಾಸದಲ್ಲಿ ಆ ಕೊರತೆಯೇ ಉಪಾಯವಾಗಿದೆ. ಮರುಭೂಮಿಗೆ ಹೋಗಿ ಚಿತ್ರೀಕರಿಸುವ ಶಕ್ತಿ ಮೊನೊಗ್ರಾಮ್‌ಗೆ ಇರಲಿಲ್ಲ. ಆದ್ದರಿಂದ ಇಡೀ ಸಾಹಸಯಾತ್ರೆಯನ್ನು ಕಥೆಯೊಳಗಿನ ಒಂದು ಚಲನಚಿತ್ರವನ್ನಾಗಿ ಮಾಡಿ ಪರದೆಯ ಮೇಲೆ ಓಡಿಸಿದರು. ಅಲ್ಲಿಯ ದೃಶ್ಯಗಳು ಬೇರೆ ಬೇರೆ ಗುಣಮಟ್ಟದವಾಗಿದ್ದರೂ ಯಾರೂ ಆಕ್ಷೇಪಿಸುವಂತಿಲ್ಲ, ಯಾತ್ರಿಕರು ತೆಗೆದ ಚಿತ್ರ ಹಾಗೇ ಇರುತ್ತದೆ. ಸಭಾಂಗಣದಲ್ಲಿ ಕೂತವರಂತೆ ನಾವೂ ಪರದೆಯನ್ನೇ ನೋಡುತ್ತಿರುತ್ತೇವೆ. ಅಪಾಯವೆಲ್ಲ ದೂರದ ಮರಳಿನಲ್ಲಿದೆ ಎಂದುಕೊಂಡಿರುವಾಗ, ಅದು ಪಕ್ಕದ ಮೇಜಿನ ಮೇಲಿನ ನೀರಿನಲ್ಲಿರುತ್ತದೆ. ಹತ್ತು ಪಟ್ಟು ಹಣವಿದ್ದವರೂ ಇದಕ್ಕಿಂತ ಒಳ್ಳೆಯ ಆರಂಭವನ್ನು ಹೊಳೆಯಿಸಿಕೊಳ್ಳುವುದು ಕಷ್ಟ.

ತೆರೆಯ ಹಿಂದಿನವರಲ್ಲಿ ತಿಳಿದಿರಬೇಕಾದವರು ಯಾರು?

ಫಿಲ್ ರೋಸನ್ ಮೂಕಿ ಕಾಲದಲ್ಲಿ ಛಾಯಾಗ್ರಾಹಕರಾಗಿದ್ದವರು. 1919ರಲ್ಲಿ ಸ್ಥಾಪನೆಯಾದ ಅಮೆರಿಕನ್ ಸೊಸೈಟಿ ಆಫ್ ಸಿನೆಮಟೋಗ್ರಾಫರ್ಸ್ ಸಂಘದ ಮೊದಲ ಅಧ್ಯಕ್ಷರು. ಅವರು ಮುಂದೆ ಮೊನೊಗ್ರಾಮ್‌ನ ಚಾರ್ಲಿ ಚಾನ್ ಚಿತ್ರಗಳನ್ನೂ ನಿರ್ದೇಶಿಸಿದರು. ಚಿತ್ರಕಥೆಗೆ ಜೋಸೆಫ್ ವೆಸ್ಟ್ ಎಂಬ ಹೆಸರಿದೆ, ಅದು ಜಾರ್ಜ್ ವ್ಯಾಗ್ನರ್ ಅವರ ಇನ್ನೊಂದು ಹೆಸರು. ಮರುವರ್ಷ ದಿ ವುಲ್ಫ್ ಮ್ಯಾನ್ ನಿರ್ದೇಶಿಸಿದವರು ಇವರೇ.

ಚಿತ್ರದ ದೋಷಗಳೇನು?

ಕಥೆಯ ನಡುಭಾಗ ಸೊರಗುತ್ತದೆ. ಶಂಕಿತರು ಹಲವರಿದ್ದರೂ ಅವರಲ್ಲಿ ಇಬ್ಬರನ್ನೋ ಮೂವರನ್ನೋ ಬಿಟ್ಟರೆ ಉಳಿದವರ ಮುಖ ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ರಹಸ್ಯ ಬಯಲಾದಾಗ ಆಗಬೇಕಾದಷ್ಟು ಅಚ್ಚರಿ ಆಗದು. ಪೊಲೀಸರ ಮಾತಿನಲ್ಲಿ ಚೀನೀಯರ ಬಗ್ಗೆ ಅಂದಿನ ತಾತ್ಸಾರ ಅಲ್ಲಲ್ಲಿ ಹಾಗೇ ಉಳಿದಿದೆ. ವಾಂಗ್‌ನ ಮನೆಯ ಸೇವಕನ ಪಾತ್ರ ಹಳೆಯ ಅಚ್ಚಿನದು. ನಾಯಕನನ್ನು ಹೊಸ ಕಣ್ಣಿನಿಂದ ನೋಡಿದ ಚಿತ್ರ, ಅವನ ಸುತ್ತಲಿನ ಎಲ್ಲವನ್ನೂ ಹಾಗೆ ನೋಡಲಿಲ್ಲ. ಲ್ಯೂಕ್ ಅವರ ಮೇಲಿನ ಅಭಿಮಾನದಿಂದ ಇದನ್ನು ಮುಚ್ಚಿಡುವುದು ಸರಿಯಲ್ಲ.

ಸರಣಿ ಮುಂದುವರಿಯಿತೇ?

ಇಲ್ಲ, ಇಲ್ಲಿಗೇ ನಿಂತಿತು. 1947ರಲ್ಲಿ ಮೊನೊಗ್ರಾಮ್, ಮಿಸ್ಟರ್ ವಾಂಗ್ ಇನ್ ಚೈನಾಟೌನ್ ಚಿತ್ರದ ಕಥೆಯನ್ನೇ ತುಸು ಬದಲಿಸಿ ದಿ ಚೈನೀಸ್ ರಿಂಗ್ ಎಂಬ ಚಾರ್ಲಿ ಚಾನ್ ಚಿತ್ರವನ್ನು ಮಾಡಿತು. ಚಾನ್ ಪಾತ್ರಕ್ಕೆ ಬಂದವರು ರೋಲೆಂಡ್ ವಿಂಟರ್ಸ್ ಎಂಬ ಬಿಳಿಯ ನಟ.

ಲ್ಯೂಕ್ ಆಮೇಲೆ ಏನು ಮಾಡಿದರು?

ಮತ್ತೆ ಮಗನಾದರು. 1948ರ ದಿ ಫೆದರ್ಡ್ ಸರ್ಪೆಂಟ್ ಮತ್ತು 1949ರ ಸ್ಕೈ ಡ್ರ್ಯಾಗನ್ ಚಿತ್ರಗಳಲ್ಲಿ ಅವರು ಪುನಃ ಲೀ ಚಾನ್. ತಂದೆಯಾಗಿದ್ದ ವಿಂಟರ್ಸ್ ಹುಟ್ಟಿದ್ದು 1904ರ ನವೆಂಬರ್‌ನಲ್ಲಿ, ಮಗನಾಗಿದ್ದ ಲ್ಯೂಕ್ ಹುಟ್ಟಿದ್ದು ಅದೇ ವರ್ಷದ ಜೂನ್‌ನಲ್ಲಿ. ತಂದೆಗಿಂತ ಮಗನೇ ಐದು ತಿಂಗಳು ದೊಡ್ಡವನು. ಎಂಟು ವರ್ಷಗಳ ಹಿಂದೆ ಪತ್ತೇದಾರನಾಗಿ ಒಂದು ಚಿತ್ರವನ್ನು ಹೆಗಲ ಮೇಲೆ ಹೊತ್ತಿದ್ದ ನಟ, ತನಗಿಂತ ಕಿರಿಯನ ಹಿಂದೆ ನಿಂತು ಅಪ್ಪಾ ಎಂದು ಕರೆಯಬೇಕಾಯಿತು. ಈ ಸಂಗತಿಯನ್ನು ಬರೆಯುವಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಅವರು ಮಾತ್ರ ಕೆಲಸ ನಿಲ್ಲಿಸಲಿಲ್ಲ. 1958ರಲ್ಲಿ ಬ್ರಾಡ್‌ವೇ ರಂಗಭೂಮಿಯಲ್ಲಿ ಫ್ಲವರ್ ಡ್ರಮ್ ಸಾಂಗ್ ಸಂಗೀತ ನಾಟಕದಲ್ಲಿ ಮನೆಯ ಯಜಮಾನನ ಪಾತ್ರ ಮಾಡಿದರು. 1972ರಲ್ಲಿ ಕುಂಗ್ ಫು ದೂರದರ್ಶನ ಧಾರಾವಾಹಿಯ ಕುರುಡು ಗುರು ಪೋ ಆಗಿ ಹೊಸ ತಲೆಮಾರಿಗೆ ಪರಿಚಿತರಾದರು. ಅದೇ ವರ್ಷ ಮಕ್ಕಳ ಕಾರ್ಟೂನ್ ಧಾರಾವಾಹಿಯೊಂದರಲ್ಲಿ ಚಾರ್ಲಿ ಚಾನ್‌ಗೆ ದನಿ ಕೊಟ್ಟರು. ಆ ಪಾತ್ರ ತೆರೆಯ ಮೇಲೆ ಬಂದು 46 ವರ್ಷಗಳಾದ ಮೇಲೆ ಚೀನೀ ಮೂಲದ ನಟನ ದನಿ ಅದಕ್ಕೆ ದೊರಕಿತು, ಅದೂ ದನಿ ಮಾತ್ರ. 1984ರ ಗ್ರೆಮ್ಲಿನ್ಸ್ ಚಿತ್ರದ ಅಂಗಡಿಯ ಮುದುಕ ಇವರೇ. ವೈದ್ಯ ಡಾಕ್ಟರ್ ಯಾಂಗ್ ಆಗಿ ನಟಿಸಿದ 1990ರ ಆಲಿಸ್ ಚಿತ್ರ ತೆರೆಗೆ ಬಂದ ಕೆಲವೇ ವಾರಗಳಲ್ಲಿ, 1991ರ ಜನವರಿ 12ರಂದು ತೀರಿಕೊಂಡರು.

ಚಿತ್ರವನ್ನು ಎಲ್ಲಿ, ಹೇಗೆ ನೋಡಬೇಕು?

ಅಂತರ್ಜಾಲದ ಸಾರ್ವಜನಿಕ ಚಲನಚಿತ್ರ ಸಂಗ್ರಹಗಳಲ್ಲಿ ಇದರ ಹಲವು ಪ್ರತಿಗಳಿವೆ. ಗುಣಮಟ್ಟ ಒಂದೊಂದರದು ಒಂದೊಂದು ಬಗೆ. ಕೆಲವು ಪ್ರತಿಗಳಲ್ಲಿ ಕಪ್ಪು ಎಲ್ಲ ಬೂದಿಯಾಗಿ, ಆರಂಭದ ಕತ್ತಲ ಸಭಾಂಗಣದಲ್ಲಿ ಯಾರ ಮುಖವೂ ಕಾಣುವುದಿಲ್ಲ. ನೋಡುವ ಮೊದಲು ಆ ದೃಶ್ಯವನ್ನು ತೆರೆದು, ಮೇಜಿನ ಮೇಲಿನ ನೀರಿನ ಹೂಜಿ ಸ್ಪಷ್ಟವಾಗಿ ಕಾಣುತ್ತಿದೆಯೇ ಎಂದು ಪರೀಕ್ಷಿಸಿ. ಕಾಣದಿದ್ದರೆ ಬೇರೆ ಪ್ರತಿಯನ್ನು ಹುಡುಕಿ. ಸಾಧ್ಯವಾದರೆ ಅದೇ ಸಂಜೆ ಮೊದಲು ಕಾರ್ಲಾಫ್ ಅವರ ಒಂದು ವಾಂಗ್ ಚಿತ್ರವನ್ನು ನೋಡಿ, ನಂತರ ಇದನ್ನು ಹಾಕಿ. ಸ್ಟ್ರೀಟ್ ಅದೇ, ಸಂಸ್ಥೆ ಅದೇ, ಬರಿದಾದ ಗೋಡೆಗಳೂ ಹೆಚ್ಚು ಕಡಿಮೆ ಅವೇ. ಜಿಮ್ಮಿ ವಾಂಗ್ ಬಾಯಿ ತೆರೆದು ಮೊದಲ ವಾಕ್ಯ ಹೇಳುವಾಗ ಧ್ವನಿಯನ್ನು ತುಸು ಏರಿಸಿಕೊಳ್ಳಿ.